ಟಿಕೆಟ್ ಅಕ್ಕ ಹತ್ತದ ದೀಪಸ್ತಂಭ

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಟೈಲರ್ ಅಂಗಡಿಗೆ ಅಂಟಿಕೊಂಡ ಹಾಗೆ ಟಿಕೆಟ್ ಅಕ್ಕನ ಅಂಗಡಿ ಇದೆ. ಅಂಗಡಿ ಅಂದರೆ ಏನು ಮಹಾ, ಒಂದು ಮೇಜು, ಒಂದು ಕಂಪ್ಯೂಟರ್, ಬಿಸಿಯಾದಾಗಲೆಲ್ಲ ಕಾಗದ ನುಂಗುವ ಒಂದು ಜೆರಾಕ್ಸ್ ಯಂತ್ರ, ಗಿರಾಕಿಗಳಿಗೆ ಎರಡು ಕುರ್ಚಿ. ಅದರಲ್ಲಿ ಒಂದಕ್ಕೆ ಕಾಲು ನೆಟ್ಟಗಿಲ್ಲ. ಅದರಲ್ಲಿ ಕೂರುವವರಿಗೆ ಅವಳೇ ಮೊದಲು ಹೇಳಿಬಿಡುತ್ತಾಳೆ, "ಎಡಕ್ಕೆ ವಾಲ್ಬೇಡಿ, ಬಿದ್ರೆ ನನ್ನ ಕೇಳ್ಬೇಡಿ." ಅವಳ ನಿಜವಾದ ಹೆಸರು ಊರಲ್ಲಿ ಯಾರ ಬಾಯಲ್ಲೂ ಇಲ್ಲ. ಗಂಡ ಕೂಡ ಕರೆಯುವುದು "ಇವಳೇ" ಅಂತ.

ಊರಿನೆದುರು ಸಮುದ್ರದಲ್ಲಿ, ದೋಣಿಯಲ್ಲಿ ಅರ್ಧ ಗಂಟೆ ಹೋದರೆ ಸಿಗುವ ಬಂಡೆಯ ಮೇಲೆ ಹಳೆಯ ದೀಪಸ್ತಂಭವೊಂದಿದೆ. ದೂರ ದೂರದಿಂದ ಜನ ಅದನ್ನು ನೋಡಲು ಬರುತ್ತಾರೆ. ಬಂದ ತಕ್ಷಣ ಹತ್ತಲು ಬಿಡುತ್ತಾರೆಯೇ? ಇಲ್ಲ. ದಿನಕ್ಕೆ ನೂರೇ ಜನ. ತೊಂಬತ್ತು ದಿನ ಮುಂಚೆ, ಬೆಳಿಗ್ಗೆ ಸರಿಯಾಗಿ ಎಂಟು ಗಂಟೆಗೆ, ಒಂದು ದಿನದ ಟಿಕೆಟ್ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತದೆ. ನಾಲ್ಕು ನಿಮಿಷದಲ್ಲಿ ಒಂದೂ ಉಳಿದಿರುವುದಿಲ್ಲ. ಹೆಸರು, ವಯಸ್ಸು, ಗುರುತಿನ ಚೀಟಿಯ ಸಂಖ್ಯೆ ತುಂಬಿ ಗುಂಡಿ ಒತ್ತುವಷ್ಟರಲ್ಲಿ ಬುದ್ಧಿವಂತರೆಲ್ಲ ಸೋತು ಸುಣ್ಣವಾಗಿ ಕೊನೆಗೆ ಟಿಕೆಟ್ ಅಕ್ಕನ ಹತ್ತಿರ ಬರುತ್ತಾರೆ.

ಅವಳಿಗೊಂದು ಕ್ರಮವಿದೆ. ಮಾರನೆಯ ದಿನದ ಗಿರಾಕಿಯ ವಿವರವನ್ನು ಸಂಜೆಯೇ ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದು, ಕೀಲಿಮಣೆಯ ಎಡಕ್ಕೆ ತೆರೆದಿಡುತ್ತಾಳೆ. ಬೆಳಿಗ್ಗೆ ಎಂಟಾದರೆ ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ನೋಟ್‌ಬುಕ್ಕಿನ ಕೊನೆಯ ಸಾಲಿನ ಮೇಲೆ. ಕೈಗಳನ್ನು ಅವಳು ನೋಡುವುದೇ ಇಲ್ಲ. ಇಪ್ಪತ್ತು ವರ್ಷದಲ್ಲಿ ಆ ಕೈಗಳು ಒಮ್ಮೆಯೂ ತಪ್ಪಿಲ್ಲ ಅಂತ ಓಣಿಯವರೆಲ್ಲ ಹೇಳುತ್ತಾರೆ. ಹೊಗಳಿದರೆ ಅವಳು ಮೂಗು ಮುರಿಯುತ್ತಾಳೆ, ಆದರೆ ಕೇಳಿಸಿಕೊಳ್ಳದೆ ಇರುವುದಿಲ್ಲ.

ಟಿಕೆಟ್ ಕೊಡುವಾಗ ದೀಪಸ್ತಂಭವನ್ನೂ ಜೊತೆಗೇ ಕೊಟ್ಟು ಕಳಿಸುತ್ತಾಳೆ ಅನ್ನಬೇಕು. "ಒಟ್ಟು ಇನ್ನೂರಾ ಹದಿಮೂರು ಮೆಟ್ಟಿಲು. ಮೊದಲನೇ ಐವತ್ತು ಓಡೋಡಿ ಹತ್ಬೇಡಿ, ಆಮೇಲೆ ನಾಲಿಗೆ ಹೊರಗೆ ಬರುತ್ತೆ. ನೂರಾ ನಲ್ವತ್ತರ ಹತ್ರ ಸಣ್ಣ ಕಿಟಕಿ ಇದೆ, ಅಲ್ಲಿ ಟೋಪಿ ಹಿಡ್ಕೊಳ್ಳಿ, ಗಾಳಿ ಹಾರಿಸ್ಕೊಂಡು ಹೋಗುತ್ತೆ. ತುದೀಲಿ ಬಾಗಿಲು ಕುಳ್ಳು. ತಲೆ ಬಗ್ಸಿ, ಇಲ್ಲಾಂದ್ರೆ ಬುಗುಟು ಗ್ಯಾರಂಟಿ." ಹೋಗಿ ಬಂದವರು ಹಣೆ ಸವರಿಕೊಳ್ಳುತ್ತ ಬಂದು, "ಅಕ್ಕಾ, ನೀವು ಹೇಳಿದ ಹಾಗೇ ಇತ್ತು" ಅನ್ನುತ್ತಿದ್ದರು.

ಆದರೆ ಅವಳು ಅಲ್ಲಿಗೆ ಹೋಗಿಯೇ ಇರಲಿಲ್ಲ! ಎಲ್ಲವೂ ಹೋಗಿ ಬಂದವರ ಬಾಯಿಂದ ಒಂದೊಂದಾಗಿ ಕೂಡಿಹಾಕಿದ್ದು. ಬಸ್ ಓಡಿಸಿ ನಿವೃತ್ತನಾದ ಗಂಡ ಆಗಾಗ ಕೇಳುತ್ತಿದ್ದ, "ಅಲ್ವೇ, ಊರವ್ರನ್ನೆಲ್ಲ ಹತ್ತಿಸ್ತೀಯ, ನೀನ್ಯಾವಾಗ ಹತ್ತೋದು?" "ಅದೆಲ್ಲಿಗೆ ಓಡಿ ಹೋಗುತ್ತೆ ರೀ, ಅಲ್ಲೇ ಇರುತ್ತೆ" ಅನ್ನುತ್ತಿದ್ದಳು. ಪ್ರತಿ ಬೆಳಗಿನ ಎಂಟು ಗಂಟೆಯೂ ಯಾರದೋ ಒಬ್ಬರದು. ಇವತ್ತು ಹೊಸದಾಗಿ ಮದುವೆಯಾದವರದು, ನಾಳೆ ಪರೀಕ್ಷೆ ಪಾಸಾದ ಹುಡುಗಿಯದು. ಅವಳ ಸರದಿ ಹಿಂದೆ ಹಿಂದೆ ಸರಿಯುತ್ತಲೇ ಇತ್ತು.

ಹಾಗಂತ ಹತ್ತಿರಲಿಲ್ಲ ಅಂದರೂ ತಪ್ಪೇ. ಮಧ್ಯಾಹ್ನ ಎರಡರಿಂದ ಮೂರರವರೆಗೆ ಓಣಿಯಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಗೋಡೆಯಾಚೆ ಟೈಲರನ ಹೊಲಿಗೆ ಯಂತ್ರ ಒಂದೇ ಸಮನೆ ಗುಂಯ್‌ಗುಡುತ್ತದೆ. ಆ ಸದ್ದಿನಲ್ಲಿ ಅವಳು ಕಣ್ಣು ಮುಚ್ಚಿ ದೋಣಿ ಹತ್ತುತ್ತಾಳೆ. ಸದ್ದು ದೋಣಿಯದೇ ಆಗುತ್ತದೆ. ಒಂದೊಂದೇ ಮೆಟ್ಟಿಲು ಏರುತ್ತಾಳೆ, ಕಿಟಕಿಯ ಹತ್ತಿರ ನಿಂತು ಗಾಳಿ ಕುಡಿಯುತ್ತಾಳೆ, ತಣ್ಣನೆಯ ಗೋಡೆ ಸವರುತ್ತಾಳೆ. ಕುಳ್ಳು ಬಾಗಿಲ ಮುಂದೆ ತಲೆ ಬಗ್ಗಿಸುತ್ತಾಳೆ. ಅಲ್ಲಿಗೆ ಮುಗಿಯಿತು. ಬಾಗಿಲಿನಾಚೆ ಏನಿದೆಯೋ ಅವಳಿಗೆ ಗೊತ್ತಿಲ್ಲ. ಮೆಟ್ಟಿಲ ಬಗ್ಗೆ ಎಲ್ಲರದೂ ಒಂದೇ ಮಾತು, ಆಚೆಯದರ ಬಗ್ಗೆ ಒಬ್ಬೊಬ್ಬರದು ಒಂದೊಂದು. ಒಬ್ಬರು ನೀಲಿ ಅಂದರು, ಒಬ್ಬರು ಬೆಳ್ಳಿ ಅಂದರು, ಒಬ್ಬಾಕೆ ಅತ್ತುಬಿಟ್ಟಳಂತೆ, ಒಂದು ಮಗು "ಏನೂ ಇರ್ಲಿಲ್ಲ ಅಜ್ಜಿ, ಬರೀ ದೊಡ್ಡದು" ಅಂದಿತು. ಬರೀ ದೊಡ್ಡದು ಅಂದರೆ ಏನು? ಅದನ್ನು ಸ್ವಂತ ಕಣ್ಣಲ್ಲಿ ನೋಡಬೇಕು ಅನ್ನುವುದೊಂದೇ ಅವಳ ಆಸೆ.

ಹೀಗಿರುವಾಗ ಒಂದು ದಿನ ಕಂಪ್ಯೂಟರಿನಲ್ಲಿ ಹೊಸ ನಿಯಮ ಬಂತು. ಅರವತ್ತು ತುಂಬಿದವರು ಇನ್ನು ಮೇಲೆ ಹತ್ತುವಂತಿಲ್ಲ. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ಅವಳಿಗೆ ಅರವತ್ತು ತುಂಬುವುದಕ್ಕೆ ತೊಂಬತ್ತನಾಲ್ಕೇ ದಿನ ಉಳಿದಿತ್ತು. ತೊಂಬತ್ತು ದಿನದೊಳಗಿನ ಟಿಕೆಟ್ಟೆಲ್ಲ ಆಗಲೇ ಮುಗಿದಿದೆ. ಇನ್ನು ಮೂರು ಬೆಳಗು ಮಾತ್ರ ಬಾಕಿ. ಅದರಲ್ಲಿ ಎರಡಕ್ಕೆ ಗಿರಾಕಿಗಳಿಗೆ ಮಾತು ಕೊಟ್ಟಾಗಿದೆ. ಕೊಟ್ಟ ಮಾತು ತಪ್ಪುವವಳಲ್ಲ ಅವಳು. ಉಳಿದದ್ದು ಮೂರನೆಯದು, ಹುಟ್ಟುಹಬ್ಬದ ಹಿಂದಿನ ದಿನದ ಟಿಕೆಟ್ ತೆರೆಯುವ ಬೆಳಗು.

ಆ ಬೆಳಗಿನ ಹಿಂದಿನ ಸಂಜೆ ಪಕ್ಕದ ಟೈಲರ್ ಅದೇ ದಿನದ ಟಿಕೆಟ್ ಕೇಳಿಕೊಂಡು ಬಂದ. ಮಾತು ಕಡಿಮೆ, ಅಳತೆ ಜಾಸ್ತಿ ಅನ್ನುವ ಮನುಷ್ಯ. ಕತ್ತಲ್ಲಿ ಯಾವಾಗಲೂ ಟೇಪು ನೇತಾಡುತ್ತಿರುತ್ತದೆ.

"ಆ ದಿನ ಮಾತ್ರ ಕೇಳ್ಬೇಡಪ್ಪ, ಅದು ನಂದು. ನಿನಗೆ ಮಾರನೇ ದಿನಕ್ಕೆ ಮಾಡ್ಕೊಡ್ತೀನಿ" ಅಂದಳು.

"ನಿಜವಾಗ್ಲೂ ನೀವು ಹೋಗ್ತೀರಾ ಅಕ್ಕಾ?" ಟೈಲರನ ಮುಖ ಅರಳಿತು. "ಹಾಗಾದ್ರೆ ನಂದೇನೂ ಅವಸರ ಇಲ್ಲ."

ಮರೆಯಬಾರದೆಂದು ಅವನ ವಿವರವನ್ನು ಆಗಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ತನ್ನದನ್ನು ಬರೆಯಲಿಲ್ಲ. ತನ್ನ ಹೆಸರು ತಾನೇ ಬರೆದುಕೊಳ್ಳಬೇಕೇ, ಅದೇನು ಮರೆತುಹೋಗುತ್ತದೆಯೇ?

ಆ ಬೆಳಿಗ್ಗೆ ಏಳೂಕಾಲಿಗೇ ಬಂದು ಅಂಗಡಿ ತೆರೆದಳು. ಗಂಡನೂ ಹಿಂದೆಯೇ ಬಂದು ಕಾಲು ಸರಿಯಿಲ್ಲದ ಕುರ್ಚಿಯಲ್ಲಿ ಬಲಕ್ಕೆ ವಾಲಿ ಕೂತ. ಎಂಟು ಹೊಡೆಯಿತು. ಒಂದು ಕಣ್ಣು ಪರದೆಗೆ, ಇನ್ನೊಂದು ಎಡಕ್ಕೆ. ಕೈಗಳು ಟಕಟಕ ಓಡಿದವು. ಎಂಟು ಗಂಟೆ ಒಂದು ನಿಮಿಷಕ್ಕೆ ಟಿಕೆಟ್ ಬಂದೇಬಿಟ್ಟಿತು. "ಬಂತು ರೀ!" ಎಂದು ಕೂಗಿದವಳು, ಟಿಕೆಟ್ ಓದಿ ಹಾಗೇ ಕಲ್ಲಾದಳು. ಅದರ ಮೇಲೆ ಟೈಲರನ ಹೆಸರಿತ್ತು. ಟೈಲರನ ವಯಸ್ಸು, ಟೈಲರನ ಗುರುತಿನ ಚೀಟಿ. ಕೈಗಳು ಎಂದಿನಂತೆ ಕೊನೆಯ ಸಾಲು ನೋಡಿ ಎಂದಿನ ಕೆಲಸ ಮಾಡಿದ್ದವು. ಈ ಸಲ ಕೈಗಳನ್ನೇ ನೋಡಿಕೊಂಡು ಒಂದೊಂದೇ ಅಕ್ಷರ ತುಂಬಿ ಗುಂಡಿ ಒತ್ತುವಷ್ಟರಲ್ಲಿ ಎಲ್ಲ ಖಾಲಿ.

"ನಿನ್ನ ಹೆಸರು ನಿನ್ನ ಕೈಗೇ ಗೊತ್ತಿಲ್ವಲ್ಲೇ ಇವಳೇ" ಎಂದು ನಗಲು ಹೋದ ಗಂಡ, ಅವಳ ಮುಖ ನೋಡಿ ಎದ್ದು, ಯಾರೂ ಹೇಳದೆಯೇ ಜೆರಾಕ್ಸ್ ಯಂತ್ರದ ಧೂಳು ಒರೆಸತೊಡಗಿದ.

ಟಿಕೆಟ್ಟಿನ ಹೆಸರು ಬದಲಿಸುವಂತಿಲ್ಲ. ರದ್ದು ಮಾಡಿದರೆ ಆ ಜಾಗ ಖಾಲಿಯೇ ಹೋಗುತ್ತದೆ, ಇನ್ನೊಬ್ಬರಿಗೆ ಸಿಗುವುದಿಲ್ಲ. ಟೈಲರ್ ಓಡಿ ಬಂದು, "ನಾನು ಹೋಗಲ್ಲ ಅಕ್ಕಾ, ನನಗೆ ಮನಸ್ಸಿಲ್ಲ" ಎಂದು ಪಟ್ಟು ಹಿಡಿದ. ಅವಳು ಗದರಿದಳು. "ಹೋಗ್ದೆ ಇದ್ರೆ ನನಗೇನು ಸಿಕ್ಕ ಹಾಗಾಯ್ತು? ಹೋಗು. ಬಾಗಿಲಾಚೆ ಏನಿದೆ ಅಂತ ಸರಿಯಾಗಿ ನೋಡ್ಕೊಂಡು ಬಾ. ನೀಲಿ, ಬೆಳ್ಳಿ ಅಂತೆಲ್ಲ ಕಥೆ ಕಟ್ಬೇಡ. ಇದ್ದದ್ದು ಇದ್ದ ಹಾಗೆ ಹೇಳು." ಆಮೇಲೆ ಶಟರ್ ಅರ್ಧ ಎಳೆದುಕೊಂಡು ಒಳಗೆ ಕೂತು ಹೊಟ್ಟೆ ತುಂಬ ಅತ್ತಳು.

ತೊಂಬತ್ತು ದಿನ ಕಳೆಯಿತು. ಟೈಲರ್ ಬೆಳಿಗ್ಗೆಯ ದೋಣಿಗೆ ಹೋದ. ಅವನು ವಾಪಸು ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ಕುರ್ಚಿಯಲ್ಲಿ ಕೂತು ಮಂಡಿ ಒತ್ತಿಕೊಂಡ. ಹಣೆಯ ಮೇಲೆ ಬುಗುಟು.

"ಏನಿತ್ತು?" ಅವಳು ಮೇಜಿನ ಮೇಲೆ ಮುಂದಕ್ಕೆ ಬಾಗಿ ಕೇಳಿದಳು.

ಟೈಲರ್ ಮುಖ ಸಣ್ಣ ಮಾಡಿಕೊಂಡ. "ಮಂಜು ಅಕ್ಕಾ. ಬೆಳ್ಳಗೆ ಮಂಜು. ನನ್ನ ಕೈ ನನಗೇ ಕಾಣ್ತಿರ್ಲಿಲ್ಲ."

"ಅಯ್ಯೋ ನನ್ನ ಕರ್ಮವೇ!" ಎಂದು ಅವಳು ಹಣೆ ಚಚ್ಚಿಕೊಂಡಳು. ಸಿಟ್ಟು, ನಗು, ಅಳು ಮೂರೂ ಒಟ್ಟಿಗೇ ಬಂದವು. "ಅಷ್ಟು ದೂರ ಹೋಗಿ ಏನು ಮಾಡಿ ಬಂದೆ ಮತ್ತೆ?"

"ಏನೂ ಕಾಣ್ದೇ ಇದ್ದಾಗ ಏನು ಮಾಡೋದು? ಒಳಗೆ ಬಂದು ಬಾಗಿಲು ಅಳೆದೆ." ಅವನು ಕತ್ತಿನ ಟೇಪು ತೆಗೆದು ಬೆರಳಿಟ್ಟು ತೋರಿಸಿದ. "ಸರಿಯಾಗಿ ಐದಡಿ. ಇಪ್ಪತ್ತು ವರ್ಷದಿಂದ ನಿಮ್ಮ ಬಟ್ಟೆ ಹೊಲೀತಿರೋನು ನಾನು. ನೀವು ನಾಲ್ಕಡಿ ಹತ್ತು ಇಂಚು. ಅಕ್ಕಾ, ಊರವ್ರಿಗೆಲ್ಲ ತಲೆ ಬಗ್ಸಿ ಅಂತೀರಲ್ಲ, ನೀವು ಬಗ್ಗೋದೇ ಬೇಡ. ಮೇಲೆ ಎರಡು ಇಂಚು ಮಿಗುತ್ತೆ."

ಟೈಲರ್ ಎದ್ದು ತನ್ನ ಅಂಗಡಿಗೆ ಹೋದ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಯಂತ್ರ ಗುಂಯ್‌ಗುಟ್ಟತೊಡಗಿತು. ಅವಳು ಕಣ್ಣು ಮುಚ್ಚಿದಳು. ದೋಣಿ ಹೊರಟಿತು. ಮೆಟ್ಟಿಲುಗಳು ಸರಿದವು, ಕಿಟಕಿ ಬಂತು, ಗಾಳಿ ಬಂತು. ಬಾಗಿಲ ಮುಂದೆ ಅಭ್ಯಾಸಬಲದಿಂದ ಬಗ್ಗಲು ಹೋದವಳು ಅಲ್ಲೇ ನಿಂತು ಬೆನ್ನು ನೆಟ್ಟಗೆ ಮಾಡಿದಳು. ಹಾಗೆಯೇ ತಲೆಯೆತ್ತಿಕೊಂಡು ದಾಟಿದಳು. ಆಚೆ ಮಂಜಿರಲಿಲ್ಲ.

ಮೂರು ಗಂಟೆಗೆ ಎತ್ತರದ ಗಿರಾಕಿಯೊಬ್ಬ ಬಂದು ಎಬ್ಬಿಸಿ, ಕಾಲು ಸರಿಯಿಲ್ಲದ ಕುರ್ಚಿಯಲ್ಲಿ ಕೂತ. ಅವಳು ನೋಟ್‌ಬುಕ್ ತೆರೆದು ಅವನ ಹೆಸರು ಬರೆದುಕೊಂಡು, ಎಂದಿನಂತೆ ಐವತ್ತು ಮೆಟ್ಟಿಲು, ಕಿಟಕಿ, ಟೋಪಿ ಎಲ್ಲ ಹೇಳಿದಳು. "ಬಾಗಿಲು ಐದಡಿ ಇದೆ, ನೀವು ಬಗ್ಗಬೇಕು. ನನಗಾದ್ರೆ ಬೇಡ."

"ಹಾಗಾದ್ರೆ ನೀವೂ ಮೇಲೆ ಹೋಗಿದ್ದೀರಾ?"

"ಮಧ್ಯಾಹ್ನದ ಹೊತ್ತು ಹೋಗ್ತಿರ್ತೀನಿ" ಅಂದಳು ಟಿಕೆಟ್ ಅಕ್ಕ. "ಎಡಕ್ಕೆ ವಾಲ್ಬೇಡಿ."