ಎಲ್ಲಿಗೂ ಹೋಗದ ನಡಿಗೆ

ಸುಲಭಾಬಾಯಿ ಸೆರೆಮನೆಗೆ ಹೋದವಳಲ್ಲ, ಭಾಷಣ ಮಾಡಿದವಳಲ್ಲ. ಮೂವತ್ತರ ದಶಕದಲ್ಲಿ ನಾವು ಧಾರವಾಡದ ಮಾಳಮಡ್ಡಿಯ ಓಣಿಗಳಲ್ಲಿ ನಸುಕಿಗೆ ಸ್ವಾತಂತ್ರ್ಯದ ಹಾಡು ಹಾಡುತ್ತ ಪ್ರಭಾತಫೇರಿ ತೆಗೆಯುವಾಗ ಅವಳು ಮನೆಯೊಳಗೆ ಮಲಗಿರುತ್ತಿದ್ದಳು. ರೋಗವೇನೂ ಇರಲಿಲ್ಲ. ಬಸುರಿಯಾಗಿದ್ದಳು.

ಮೊದಲಿನ ಎರಡು ಬಸಿರು ನಿಂತಿರಲಿಲ್ಲ. ಹಾಗಾಗಿ ಮೂರನೆಯದಕ್ಕೆ ಅತ್ತೆ ಅಂಬಾಬಾಯಿ ಸೊಸೆಯನ್ನು ಹಾಸಿಗೆಗೆ ಹಾಕಿದರು. ಏಳಬಾರದು, ಬಾಗಬಾರದು, ಮೆಟ್ಟಿಲು ಇಳಿಯಬಾರದು. ಐದನೆಯ ತಿಂಗಳಿಗೆ ಸುಲಭಾ ಗೋಡೆ ಹಿಡಿಯದೆ ನಿಲ್ಲಲಾರದಾದಳು. ಗಂಡ ತ್ರ್ಯಂಬಕ ಕಚೇರಿಯಲ್ಲಿ ಕಾರಕೂನ. ಅವನು ಟಾಂಗಾ ತರಿಸಿ ಲೇಡಿ ಡಾಕ್ಟರರ ಬಳಿ ಕರೆದೊಯ್ದ. ಅಂಬಾಬಾಯಿಯೂ ಹತ್ತಿ ಕೂತರು.

ಡಾಕ್ಟರ್ ಪರೀಕ್ಷೆ ಮಾಡಿ ಅಂದರು, “ಎಲ್ಲಾ ಛಲೋ ಅದ. ಹೋದ ಬಸರು ನಡದಾಡಿದ್ದಕ್ಕ ಹೋಗಿಲ್ರಿ. ಮಲಗಿ ಮಲಗಿ ಕಾಲಾಗಿನ ಶಕ್ತಿ ಹೋಗೇದ. ಸಪಾಟ ದಾರಿಯೊಳಗ ನಡೀಲಿ, ಮೊದಲು ಸ್ವಲ್ಪ, ಆಮ್ಯಾಲೆ ಹೆಚ್ಚು. ತಿಂದು, ನೀರು ಕುಡದು ನಡೀಬೇಕು. ಮಾತಾಡಿಕೋತ ನಡೀಲಿಕ್ಕೆ ಬರಬೇಕು. ಉಸರು ಸಿಕ್ಕಿ ಮಾತು ನಿಂತರ ಕೂಡಬೇಕು. ತಲಿ ತಿರಗಿದರ, ಹೊಟ್ಟಿ ನೋವಾದರ, ರಕ್ತ ಕಂಡರ ನಿಲ್ಲಿಸಿ ಲಗೂ ನನಗ ತಿಳಸ್ರಿ.”

ಇಷ್ಟು ಮಾತಿನಲ್ಲಿ ಅಂಬಾಬಾಯಿ ತಲೆಯಲ್ಲಿ ಇಟ್ಟುಕೊಂಡದ್ದು ನಡಿಗೆಯೊಂದನ್ನೇ.

ಆಗ ಮಾಳಮಡ್ಡಿಯಲ್ಲಿ ಹೆಂಗಸು ನಡೆದರೆ ಎಲ್ಲಿಗಾದರೂ ಹೋಗುತ್ತಿರಬೇಕಿತ್ತು: ಬಾವಿಗೆ, ಗುಡಿಗೆ, ತವರಿಗೆ. ಸುಮ್ಮನೆ ನಡೆಯುವವಳು ಹುಚ್ಚಿ, ಇಲ್ಲವೇ ಅದಕ್ಕಿಂತ ಕೆಟ್ಟವಳು. ಅಂಬಾಬಾಯಿ ಉಪಾಯ ಕಂಡುಕೊಂಡರು. ಟಾಂಗಾ ಮನೆ ಮುಟ್ಟುವುದರೊಳಗೆ, ಹನುಮಂತದೇವರ ಗುಡಿಯ ಅರಳಿ ಮರಕ್ಕೆ ಸೊಸೆಯ ಕಡೆಯಿಂದ ಲಕ್ಷ ಪ್ರದಕ್ಷಿಣೆ ಹಾಕಿಸುವುದಾಗಿ ಹರಕೆ ಹೊತ್ತಿದ್ದರು. ಹೆರಿಗೆಯೊಳಗೆ ಮುಗಿಯಬೇಕು. ಡಾಕ್ಟರ್ ಹೇಳಿದ ನಡಿಗೆಯೂ ಆಯಿತು, ದೇವರ ಕೆಲಸವೂ ಆಯಿತು.

ದೇವರ ಕೆಲಸವೆಂದ ಮೇಲೆ ಮಡಿ. ಮಡಿಯೆಂದರೆ ನಸುಕಿನ ತಣ್ಣೀರು, ಒದ್ದೆ ಸೀರೆ, ಖಾಲಿ ಹೊಟ್ಟೆ. ಹಾಸಿಗೆಯಿಂದ ಎದ್ದವಳನ್ನು ಸೀದಾ ನುಣುಪು ಕಲ್ಲುಹಾಸಿನ ಮೇಲೆ ತಿರುಗಲು ಬಿಟ್ಟರು. ಅಂಬಾಬಾಯಿ ಕಟ್ಟೆಯ ಮೇಲೆ ಕೂತು ಸುತ್ತಿಗೊಂದು ಕಡಲೆ ಕಾಳು ಬಟ್ಟಲಿಗೆ ಹಾಕುತ್ತಿದ್ದರು.

“ಲಗೂ ನಡಿಯವಾ. ಹಿಂಗ ತೆವಳಿದರ ಈ ಕೂಸಿನ ಮದವಿ ತನಕಾನೂ ಮುಗಿಯೂದಿಲ್ಲ.”

ಕೆಲವು ದಿನ ಹೇಗೋ ದಾಟಿದವು. ಒಂದು ಮುಂಜಾನೆ ಒದ್ದೆ ಸೀರೆ ಕಾಲಿಗೆ ತೊಡರಿತು, ಕಣ್ಣಿಗೆ ಕತ್ತಲೆ ಬಂತು. ಬೀಳುವ ಮೊದಲೇ ಸುಲಭಾ ಕಟ್ಟೆ ಹಿಡಿದು ಕೂತಳು. ಕೈ ಹೊಟ್ಟೆಯ ಮೇಲಿತ್ತು. ಹಿಂದೆ ಎರಡು ಸಲ ಹೀಗೆ ಕೈಯಿಟ್ಟುಕೊಂಡು ಕೂತು, ಬರಿದಾಗಿ ಎದ್ದವಳು ಅವಳು.

“ಏಳು, ಎಣಿಕಿ ಮುರೀತದ,” ಎಂದರು ಅಂಬಾಬಾಯಿ.

“ಮುರೀಲಿ ಬಿಡ್ರಿ, ಅತ್ತಿಯವರ.”

“ಹರಕಿ ಬಿಟ್ರ ದೇವರಿಗೆ ಸಿಟ್ಟು ಬರ್ತದ.”

“ಹರಕಿ ಬೇಡಿಕೊಂಡಾವರು ನೀವು. ನೀವs ತೀರಸ್ರಿ. ಇನ್ನ ಈ ಕಲ್ಲಿನ ಮ್ಯಾಲೆ ನಾ ಕಾಲಿಡೂದಿಲ್ಲ.”

ಡಾಕ್ಟರ್ ಮನೆಗೆ ಬಂದು ನೋಡಿದರು. ಕೂಸಿಗೆ ಏನೂ ಆಗಿರಲಿಲ್ಲ. ಉಪವಾಸ ಬಿಡಿ, ಒದ್ದೆ ಸೀರೆ ಬಿಡಿ, ನಡಿಗೆ ಬಿಡಬೇಡಿ ಎಂದು ಹೇಳಿ ಹೋದರು. ಅಂಬಾಬಾಯಿ ತೀರ್ಪು ಕೊಟ್ಟರು: “ದೇವರ ಸುತ್ತ ನಡಿಯೂದಿಲ್ಲಂದ್ರ ಹಾಸಿಗಿ. ಬೀದಿ ಅಂತೂ ಅಲ್ಲ.”

ಸುಲಭಾ ಗಂಡನ ಮುಖ ನೋಡಿದಳು. ತ್ರ್ಯಂಬಕ ಛತ್ರಿ ಹುಡುಕುತ್ತಿದ್ದ. “ಅವ್ವ ಅನ್ನೂದೂ ಖರೇ, ಡಾಕ್ಟರ್ ಅನ್ನೂದೂ ಖರೇ,” ಎಂದು ಕಚೇರಿಗೆ ಹೋದ. ನಮ್ಮ ಚಳವಳಿಯಲ್ಲೂ ಇಂಥವರು ಬಹಳ ಮಂದಿ ಇದ್ದರು.

ಮರುದಿನ ಸುಲಭಾ ಉಪ್ಪಿಟ್ಟು ತಿಂದಳು, ನೀರು ಕುಡಿದಳು, ಒಣ ಸೀರೆಯನ್ನು ಪಾದದಿಂದ ಮೇಲೆ ಎತ್ತಿ ಸಿಕ್ಕಿಸಿ ಹೊಸಿಲು ದಾಟಿದಳು.

“ಎಲ್ಲಿಗೆ ಹೊಂಟಿ?”

“ಎಲ್ಲಿಗೂ ಇಲ್ರಿ.”

ಅದಕ್ಕೂ ಮೊದಲು ಆ ಓಣಿಯಲ್ಲಿ ಸೊಸೆಯೊಬ್ಬಳು ಅತ್ತೆಗೆ ಈ ಉತ್ತರ ಕೊಟ್ಟದ್ದು ನಾನಂತೂ ಕೇಳಿಲ್ಲ. ಸ್ಟೇಶನ್ ರಸ್ತೆಯ ಬಾಯಲ್ಲಿ ಯಜ್ಞೇಶ್ವರ ಭಟ್ಟರೆಂಬ ಮುದುಕರು ಜಗಲಿಯ ಮೇಲೆ ಹಲ್ಲುಜ್ಜುತ್ತ ಕೂತಿದ್ದರು. ಒಂಟಿಯಾಗಿ ಬರುವ ಬಸುರಿಯನ್ನು ಕಂಡು ಬಾಯಿಂದ ಬೇವಿನ ಕಡ್ಡಿ ತೆಗೆದರು.

“ಏನವಾ, ಏನರೆ ಕಳಕೊಂಡೀಯೇನು?”

“ಇಲ್ರಿ ಕಾಕಾ. ಕಳಕೋಬಾರದಂತನs ನಡೀಲಿಕ್ಹತ್ತೀನಿ.”

ಇಷ್ಟು ಮಾತು ಏದುಸಿರಿಲ್ಲದೆ ಬಂತು. ಆದ್ದರಿಂದ ಇನ್ನಷ್ಟು ಮುಂದೆ ಹೋದಳು. ದಣಿದಲ್ಲಿ ಯಾರದೋ ಜಗಲಿಯ ಮೇಲೆ ಕೂತಳು. ಬಿಸಿಲೇರುವ ಮೊದಲು ತಿರುಗಿದಳು. ಸಂಜೆ ಮತ್ತೆ ಹೊರಟಳು. ಓಣಿ ಒಂದಷ್ಟು ದಿನ ಆಡಿಕೊಂಡಿತು. ಆಮೇಲೆ ಆಡಿಕೊಳ್ಳಲು ಬೇರೆ ಸೊಸೆ ಸಿಕ್ಕಳು.

ಹೊತ್ತ ಹರಕೆ ಇಳಿಸಲು ಬರುವುದಿಲ್ಲವಾದ್ದರಿಂದ ಅಂಬಾಬಾಯಿ ತಾವೇ ಮರ ಸುತ್ತತೊಡಗಿದರು. ವರ್ಷಗಟ್ಟಲೆ ಕಾಡಿದ ಅವರ ಮಲಬದ್ಧತೆ ಹೋಯಿತು. ಇದನ್ನು ಅವರು ದೇವರ ಲೆಕ್ಕಕ್ಕೆ ಹಾಕಿದರು.

ದಿನ ತುಂಬಿ ಬೇನೆ ಬಂದಾಗ ಸುಲಭಾ ಬೇನೆಯ ನಡುನಡುವೆ ಪಡಸಾಲೆಯಲ್ಲಿ ಗೋಡೆ ಹಿಡಿದು ಅಡ್ಡಾಡಿದಳು. ಮಲಗು ಎನ್ನಲು ಬಾಯಿ ತೆರೆದ ಅಂಬಾಬಾಯಿ, ಹೆರಿಗೆಗೆಂದು ಬಂದಿದ್ದ ಡಾಕ್ಟರರ ಮುಖ ನೋಡಿ ಮುಚ್ಚಿದರು. ಇಳಿಹೊತ್ತಿಗೆ ಹೆರಿಗೆಯಾಯಿತು. ನಡೆದದ್ದಕ್ಕೇ ಕೂಸು ಉಳಿಯಿತೆಂದು ನಾನು ಹೇಳುವುದಿಲ್ಲ, ಡಾಕ್ಟರರೂ ಹೇಳಲಿಲ್ಲ.

“ಹೆಣ್ಣು,” ಎಂದರು ಅಂಬಾಬಾಯಿ.

“ಅಳ್ತದೇನ್ರಿ?”

“ಓಣಿಗೆಲ್ಲ ಕೇಳೋಹಂಗ.”

“ಹಂಗಾರ ಇಲ್ಲಿ ಕೊಡ್ರಿ.”