ತಾಳ್ಯಕ್ಕೆ ಹೋದ ನಮ್ಮ ಫಾರಿನ್ ಪಂದ್ಯ

ಮೊದಲೇ ಹೇಳಿಬಿಡುತ್ತೇನೆ, ಆವತ್ತಿನ ಎಡವಟ್ಟಿಗೆಲ್ಲ ನನ್ನ ಬಾಯಿಯೇ ಕಾರಣ. ಕಳೆದ ವರ್ಷ ದೀಪಾವಳಿ ಮುಗಿದ ಮೇಲಿನ ಒಂದು ಭಾನುವಾರದ ಮಾತು.

ಬಸ್ ಕಂಡಕ್ಟರಿನ ಕೂಗಿನಿಂದ ನಮ್ಮಪ್ಪನ ಸೀನಿನವರೆಗೆ ಯಾರ ದನಿಯನ್ನಾದರೂ ನಾನು ಅನುಕರಿಸಬಲ್ಲೆ. ಬಾರದಿರುವುದು ಚೆಂಡು ಒದೆಯುವುದೊಂದೇ. ಒಮ್ಮೆ ಒದೆಯಲು ಹೋಗಿ ಚೆಂಡು ಇದ್ದಲ್ಲೇ ಉಳಿದು ನನ್ನ ಶೂ ಗೋಲಿನೊಳಗೆ ಬಿತ್ತು. ಅಂದಿನಿಂದ ಹೊಸದುರ್ಗದ ಗೆಳೆಯರು ನನ್ನ ಕೈಗೆ ಮೈಕ್ ಕೊಟ್ಟಿದ್ದಾರೆ. ಭಾನುವಾರಗಳಂದು ನಾಲ್ಕು ತಂಡಗಳು ಆಡುವ ಪುಟ್ಟ ಫುಟ್‌ಬಾಲ್ ಲೀಗ್ ನಮ್ಮದು. ನೋಡಲು ಬರುತ್ತಿದ್ದವರು ಎಳನೀರು ಮಾರುವವರೊಬ್ಬರೇ, ಅವರೂ ಮರದ ನೆರಳಿಗೆ.

ಯಾವುದೋ ದೇಶದ ಲೀಗಿನವರು ದೂರದ ಅಭಿಮಾನಿಗಳಿಗಾಗಿ ತಮ್ಮ ಪಂದ್ಯವನ್ನೇ ಹೊರದೇಶಕ್ಕೆ ಒಯ್ಯಲು ಹೊರಟಿದ್ದಾರೆಂದು ಮೊಬೈಲಿನಲ್ಲಿ ಓದಿದೆ. ಕ್ಯಾಪ್ಟನ್ ಮಂಜನಿಗೆ, "ನಾವೂ ಫಾರಿನ್ನಿಗೆ ಹೋಗಾಣ" ಅಂದೆ.

"ಪಾಸ್‌ಪೋರ್ಟ್ ಐತೇನಲೇ ನಿನ್ ತಾವ?"

"ತಾಳ್ಯಕ್ಕೆ ಯಾತರ ಪಾಸ್‌ಪೋರ್ಟು? ತಾಲ್ಲೂಕು ದಾಟಿದ್ರೆ ನಮ್ಗೆ ಅದೇ ಫಾರಿನ್ನು. ನಮ್ಮತ್ತೆ ಊರು, ಊಟಕ್ಕೂ ತೊಂದ್ರೆ ಇಲ್ಲ."

ಪ್ರಚಾರ ನನ್ನ ಪಾಲಿಗೆ ಬಂತು. ಕನ್ನಡ ಕಲಿಯುತ್ತಿರುವ ಬಿಳಿಯ ಕೋಚ್‌ನ ದನಿ ಮಾಡಿ, "ನಮಸ್ಕಾರಾ ಟಾಳ್ಯಾ! ನಾನ್ ಬರ್ತಾಳೆ! ಫಾರಿನ್ ಪ್ಲೇಯರ್ ಎಲ್ಲಾ ಬರ್ತಾಳೆ!" ಎಂದು ರೆಕಾರ್ಡ್ ಮಾಡಿ ಅತ್ತೆಗೆ ಕಳಿಸಿದೆ. ನಗಲಿ ಎಂದು ಕಳಿಸಿದ್ದು. ಅತ್ತೆ ನಂಬಿದರು, ಊರಿನ ಗ್ರೂಪಿಗೂ ಹಾಕಿದರು.

ನಮ್ಮ ಲೀಗಿನ ಎರಡು ತಂಡಗಳು ಟೆಂಪೋ ಇಳಿದಾಗ ಶಾಲೆ ಮೈದಾನದ ಸುತ್ತ ಊರಿಗೆ ಊರೇ ನಿಂತಿತ್ತು. ಅಲ್ಲಿ ಒಣಗಲು ಹರವಿದ್ದ ಮೆಕ್ಕೆಜೋಳವನ್ನೆಲ್ಲ ಬೆಳಿಗ್ಗೆಯೇ ಬಳಿದು, ಅಂಚಿಗೆ ರಾಶಿ ಹಾಕಿ, ಫಾರಿನ್ನಿನವರಿಗೆ ಜಾಗ ಮಾಡಿದ್ದರು. ಅತ್ತೆಯ ಗಂಡ ಬಸಣ್ಣಮಾವ ಟೆಂಪೋದೊಳಗೆ ಇಣುಕಿದರು.

"ಫಾರಿನ್ನೋರು ಎಲ್ಲಪ್ಪ?"

"ಮಾವ, ಅದು... ನನ್ನ ದನಿ."

"ನಿನ್ ದನಿಗೆ ಇಂಥ ಬಿಸ್ಲು ಹಾಳು ಮಾಡಿದ್ವೇನಲೇ? ಜೋಳ ಇನ್ನೂ ಹಸಿ ಐತೆ. ಬೂಷ್ಟು ಹಿಡಿದ್ರೆ ನೀನು ತಿಂತೀಯಾ? ಹರವ್ರಲೇ ಜೋಳಾನ!"

ಜನ ರಾಶಿಗೆ ಕೈಹಾಕಿದರು. ಮೈದಾನ ಮತ್ತೆ ಹಳದಿಯಾದರೆ ಪಂದ್ಯ ಮುಗಿದಂತೆಯೇ. ವಾಪಸ್ ಹೋಗುವಾಗ ಟೆಂಪೋದಲ್ಲಿ ನನಗೆ ಸೀಟಿಲ್ಲ ಎಂಬುದು ಮಂಜನ ಮುಖದಲ್ಲೇ ಕಾಣುತ್ತಿತ್ತು.

ಆಗ ಅತ್ತೆಯ ಪಕ್ಕದ ಮನೆಯ ಶಿಲ್ಪ ಮುಂದೆ ಬಂದಳು. ಕಾಲೇಜು ಹುಡುಗಿ, ಚೂಡಿದಾರದ ಕೆಳಗೆ ಬಿಗಿಯಾಗಿ ಕಟ್ಟಿದ ಶೂ.

"ದೊಡ್ಡಪ್ಪ, ಒಂದರ್ಧ ಗಂಟೆ ತಡೀರಿ. ಮೊಬೈಲ್ನಾಗೆ ಆಟ ನೋಡಿದ್ದು ಬಿಟ್ರೆ ನಾನು ಗ್ವಾಡೆಗೆ ಚೆಂಡು ಒದ್ದು ಒಬ್ಳೇ ಆಡ್ದೋಳು. ಇವ್ನು ಬಿಟ್ಟಿದ್ದು ಸುಳ್ಳು ಅಂತ ಕೇಳ್ದಾಗ್ಲೆ ಗೊತ್ತಾತು. ಚೆಂಡಾದ್ರೂ ನಿಜ ಇರುತ್ತಲ್ಲ ಅಂತ ಬಂದೆ. ಆಮೇಲೆ ಜೋಳ ಹರವಾಕೆ ಈ ಹೊಸದುರ್ಗದೋರೆಲ್ಲ ಅವ್ರೆ. ಮೊದ್ಲು ಈ ಫಾರಿನ್ ಕೋಚು!"

ಜನ ನಕ್ಕರು. ಮಾವನೂ ಮೀಸೆಯೊಳಗೇ ನಕ್ಕು, "ಅರ್ಧ ಗಂಟೆ ಅಷ್ಟೆ" ಎಂದರು.

ಮಂಜನ ಎದುರಾಳಿ ತಂಡದಲ್ಲಿ ಒಬ್ಬ ಬಂದಿರಲಿಲ್ಲ. ಶಿಲ್ಪ ಯಾರನ್ನೂ ಕೇಳದೆ ಆ ಜಾಗದಲ್ಲಿ ಹೋಗಿ ನಿಂತಳು. ನಾನು ಬಿಳಿಯನ ದನಿಯಲ್ಲೇ ಕಾಮೆಂಟರಿ ಶುರು ಮಾಡಿದೆ. "ನಿನ್ ದನೀಲಿ ಹೇಳಲೇ!" ಎಂದು ಹಿಂದಿನಿಂದ ಯಾರೋ ಗದರಿದರು. ನನ್ನ ಸ್ವಂತ ದನಿ ಮೈಕಿನಲ್ಲಿ ಆಡಿನ ಮರಿಯಂತೆ ಕೇಳುತ್ತದೆಂದು ಆಗಲೇ ಗೊತ್ತಾಗಿದ್ದು.

ಎರಡು ಸಲ ಬಿದ್ದೆದ್ದ ಶಿಲ್ಪ ಮೂರನೆಯ ಸಲ ಮಂಜನ ಕಾಲ ಸಂದಿಯಿಂದ ಚೆಂಡು ದಾಟಿಸಿ ಒದ್ದಳು. ಅದು ಗೋಲ್ ದಾಟಿ ಜೋಳದ ರಾಶಿಯಲ್ಲಿ ಹೂತುಹೋಯಿತು. ಫಾರಿನ್ನಿನವರನ್ನು ನೋಡಲು ಬಂದ ಊರು "ನಮ್ ಶಿಲ್ಪಾ!" ಎಂದು ಕೂಗಿದ ಕೂಗಿನಲ್ಲಿ ನನ್ನ ಮೈಕ್ ಕೇಳಲೇ ಇಲ್ಲ. ದೂರದ ಲೀಗುಗಳ ಸುದ್ದಿ ಓದಿದಾಗಲೆಲ್ಲ ಇಂದಿಗೂ ನನ್ನ ಕಿವಿಗೆ ಬೀಳುವುದು ಆ ಕೂಗೇ.

ಪಂದ್ಯ ಮುಗಿದ ಮೇಲೆ ಎಲ್ಲರೂ ಸೇರಿ ಜೋಳ ಹರವಿದೆವು. ಚಟ ಬಿಡದ ನಾನು ಬಿಳಿಯ ಕೋಚ್‌ನ ದನಿಯಲ್ಲಿ, "ಮೇಡಂ, ನಮ್ ಲೀಗ್‌ಗೆ ನೀವೇ ಮೊದ್ಲು ಫಾರಿನ್ ಫ್ಯಾನ್!" ಅಂದೆ.

ಶಿಲ್ಪ ತಲೆ ಎತ್ತದೆ ಹೇಳಿದಳು: "ಫ್ಯಾನ್ ಬೇಕಿದ್ರೆ ನೀನಾಗು. ಮುಂದಿನ ತಿಂಗ್ಳು ಹನ್ನೊಂದು ಹುಡ್ಗೀರ ಟೀಮ್ ಕಟ್ಕಂಡು ನಿಮ್ಮೂರಿಗೆ ಆಡಾಕೆ ಬರ್ತೀನಿ."