ಆಷಾಢಕ್ಕೆ ಮುಂಚೆ ಉಕ್ಕಿದ ಹಾಲು

ರಾಜಾಜಿನಗರದ ನಮ್ಮ ಮನೆಯ ಹಿತ್ತಲಲ್ಲಿ ಅಮ್ಮ ಬಾಡಿಗೆಗೆಂದು ಪುಟ್ಟ ಮನೆಯೊಂದನ್ನು ಕಟ್ಟಿಸಿದಾಗ ನಾನು ಎಂ.ಎ. ಓದುತ್ತಿದ್ದೆ. ಒಂದು ಕೋಣೆ, ಒಂದು ಅಡುಗೆಮನೆ, ಮೇಲೆ ಶೀಟು. ಅದಕ್ಕಾಗಿ ಅಮ್ಮನ ಬಳೆಗಳು ಕೈ ಬಿಟ್ಟಿದ್ದವು. ಅಪ್ಪ ನಿವೃತ್ತರಾಗುವ ಹೊತ್ತಿಗೆ ಇಂಥವು ಮೂರಾದರೂ ಇರಬೇಕೆಂದು ಅವಳ ಆಸೆ. ಬಾಡಿಗೆ ಹಣದಲ್ಲಿ ಸೀರೆ ತರುವಂತಿಲ್ಲ, ಇಟ್ಟಿಗೆ ತರಬೇಕು. ಮೊದಲನೆಯ ಮನೆಯೇ ಎರಡನೆಯದನ್ನು ಕಟ್ಟಬೇಕು.

ಆದರೆ ಸಿಮೆಂಟ್ ಸಿಗುವುದು ತಡವಾಗಿ, ಮನೆ ಮುಗಿದಾಗ ಆಷಾಢ ಹೊಸ್ತಿಲಲ್ಲಿತ್ತು. ಆಷಾಢದಲ್ಲಿ ಹೊಸ ಮನೆಗೆ ಯಾರೂ ಕಾಲಿಡುವುದಿಲ್ಲ. 'ಮನೆ ಬಾಡಿಗೆಗಿದೆ' ಬೋರ್ಡು ನೋಡಿ ಬಂದವರೆಲ್ಲ "ಶ್ರಾವಣಕ್ಕೆ ನೋಡೋಣಮ್ಮಾ" ಎಂದು ಹೋದರು. ಅಷ್ಟರಲ್ಲಿ ಚಾಮರಾಜಪೇಟೆಯಲ್ಲಿ ಬಾಡಿಗೆಗಿದ್ದ ದೊಡ್ಡಪ್ಪನಿಗೆ ಸುದ್ದಿ ಮುಟ್ಟಿತು.

"ತಮ್ಮನ ಮನೆ ಖಾಲಿ ಇರುವಾಗ ನಾನ್ಯಾಕೆ ಕಂಡೋರಿಗೆ ಬಾಡಿಗೆ ಕಟ್ಲಿ? ಶ್ರಾವಣಕ್ಕೆ ಬಂದ್ಬಿಡ್ತೀನಿ" ಎಂದರು.

ಅಪ್ಪ ಅಣ್ಣನಿಗೆ ಇಲ್ಲವೆಂದವರಲ್ಲ. "ಖಾಲಿ ಇದ್ರೆ ಬರ್ಲಿ ಬಿಡೇ. ಅಣ್ಣನ ಹತ್ರ ಬಾಡಿಗೆ ಕೇಳೋಕಾಗತ್ತಾ?"

"ಹಾಗಾದ್ರೆ ಖಾಲಿ ಇರಬಾರ್ದು, ಅಷ್ಟೇ ತಾನೆ?" ಎಂದಳು ಅಮ್ಮ. ದೊಡ್ಡಪ್ಪ ಒಮ್ಮೆ ಬಂದು ಕೂತರೆ ಎರಡನೆಯ ಮನೆಯ ಮಾತು ಮುಗಿದಂತೆ. ಅದು ಅವಳಿಗೆ ಗೊತ್ತಿತ್ತು.

ಮರುದಿನ ಸಂಜೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಗಂಡನಿಗೆ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ. ಹೆಂಡತಿ ಮೊದಲ ಆಷಾಢಕ್ಕೆ ತವರಿಗೆ ಹೊರಟಿದ್ದಳು.

"ಆಷಾಢ ಇನ್ನೂ ಹುಟ್ಟಿಲ್ಲ, ನಾಳೇನೇ ಹಾಲುಕ್ಕಿಸಿಬಿಡಿ" ಎಂದಳು ಅಮ್ಮ. "ಒಂದ್ಸಲ ಹಾಲುಕ್ಕಿದ್ರೆ ಪ್ರವೇಶ ಆದ ಹಾಗೇ. ಸಾಮಾನು ನಿಧಾನಕ್ಕೆ ತನ್ನಿ. ಬಾಡಿಗೆ ಶ್ರಾವಣದಿಂದ ಕೊಟ್ರೆ ಸಾಕು."

"ಗೋಡೆ ಇನ್ನೂ ಒದ್ದೆ ಇದೆಯಲ್ಲಮ್ಮಾ" ಎಂದು ಹುಡುಗಿ ನಕ್ಕಳು.

"ನೀನು ತವರಿಂದ ಬರೋಷ್ಟರಲ್ಲಿ ಒಣಗಿರತ್ತೆ ಕಣಮ್ಮಾ."

ಬೆಳಿಗ್ಗೆ ನಮ್ಮ ಪಂಪ್ ಸ್ಟೌವೇ ಅಲ್ಲಿಗೆ ಹೋಯಿತು. ಹಾಲು ಇನ್ನೂ ಕಾಯುತ್ತಿದ್ದಾಗ ದೊಡ್ಡಪ್ಪ ಅಳತೆಯ ಟೇಪು ಹಿಡಿದು ಗೇಟು ತೆಗೆದರು. ಅವರ ಮಂಚ ಹಿತ್ತಲ ಮನೆಯಲ್ಲಿ ಹಿಡಿಸುತ್ತದೆಯೇ ಎಂದು ನೋಡಬೇಕಿತ್ತಂತೆ. ಅಮ್ಮ ಹಿತ್ತಲ ಬಾಗಿಲಿನಿಂದ ಅವರನ್ನು ಮಾತಿನಲ್ಲಿ ಹಿಡಿದಿಡೆಂದು ನನಗೆ ಕಣ್ಸನ್ನೆ ಮಾಡಿದಳು. ಬಂದವರೊಡನೆ ಮಾತು ಬೆಳೆಸುವುದು ನನಗೆ ಎಂದೂ ಒಗ್ಗಿದ್ದಲ್ಲ. ಆದರೂ ಫ್ಲಾಸ್ಕಿನಲ್ಲಿದ್ದ ಕಾಫಿ ಬಗ್ಗಿಸಿಕೊಟ್ಟು, ದೊಡ್ಡಮ್ಮನ ಮಂಡಿನೋವಿನಿಂದ ಹಿಡಿದು ಚಾಮರಾಜಪೇಟೆಯ ನಲ್ಲಿ ನೀರಿನವರೆಗೆ ಎಲ್ಲವನ್ನೂ ವಿಚಾರಿಸಿದೆ.

"ಏನೇ, ಇವತ್ತು ಇಷ್ಟು ಮಾತಾಡ್ತಿದೀಯ?" ಎಂದು ಅವರು ಅನುಮಾನದಿಂದ ನೋಡಿದರು. "ಹಿಂದೇನು ಅದು ಸದ್ದು?"

"ಸ್ಟೌವು, ದೊಡ್ಡಪ್ಪ."

ಕಾಫಿ ಲೋಟ ಕೆಳಗಿಟ್ಟು ಎದ್ದೇಬಿಟ್ಟರು. ನಾನು ಹಿಂದೆಯೇ ಓಡಿದೆ. ಅವರು ಹಿತ್ತಲ ಮನೆಯ ಬಾಗಿಲಲ್ಲಿ ನಿಲ್ಲುವುದಕ್ಕೂ ಹಾಲು ನೊರೆಯೆದ್ದು ಪಾತ್ರೆಯ ಅಂಚು ದಾಟುವುದಕ್ಕೂ ಸರಿಹೋಯಿತು. ಅಮ್ಮ ದೊಡ್ಡದಾಗಿ ಉಸಿರು ಬಿಟ್ಟಳು.

"ಯಾರಮ್ಮಾ ಇವರು?"

"ಬಾಡಿಗೆಯವರು ಭಾವಾ. ಈಗ ತಾನೆ ಹಾಲುಕ್ತು."

ದೊಡ್ಡಪ್ಪನ ಮುಖ ಕೆಂಪಗಾಯಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಆ ಹುಡುಗಿ, ಯಾರೋ ಮನೆಯ ಹಿರಿಯರು ಹರಸಲೆಂದೇ ಬಂದಿದ್ದಾರೆಂದು ತಿಳಿದು, ಸೆರಗು ಹೊದ್ದು ಅವರ ಕಾಲಿಗೆ ನಮಸ್ಕರಿಸಿದಳು. ಗಂಡನೂ ಬಗ್ಗಿದ. ಕಾಲಿಗೆ ಬಿದ್ದ ಹೊಸ ಜೋಡಿಗೆ ಯಾವ ಹಿರಿಯ ತಾನೆ ಬೇರೆ ಮಾತು ಹೇಳಬಲ್ಲ? ಅವರ ಕೈ ತಾನಾಗಿ ಮೇಲೆದ್ದಿತು.

"ಈ ಮನೇಲಿ ನೂರು ಕಾಲ ಸುಖವಾಗಿರ್ರಪ್ಪಾ" ಎಂದರು.

ಹಾಗೆ ಹರಸಿದ ಮೇಲೆ ಮನೆ ಆ ಜೋಡಿಯದೇ ಆಯಿತು. ಅಮ್ಮ ಹಾಲಿಗೆ ಸಕ್ಕರೆ ಹಾಕಿ ಮೊದಲ ಲೋಟ ಅವರಿಗೇ ಕೊಟ್ಟಳು. ಅವರು ಅರ್ಧ ಕುಡಿದು, ಮೀಸೆ ಒರೆಸಿಕೊಂಡು ಕೇಳಿದರು: "ಮುಂದಿನ ಮನೆ ಯಾವಾಗ ಕಟ್ತೀಯಮ್ಮಾ?"

"ಕಟ್ಟಿ, ಹಾಲುಕ್ಕಿದ್ಮೇಲೆ ಹೇಳ್ತೀನಿ ಭಾವಾ" ಎಂದಳು ಅಮ್ಮ.